ಕೊಡಗಿನಲ್ಲಿ ಹೆದರೋಕೆ ಎಲ್ಲಿಗೆ ಹೋಗಬೇಕು? ಕೋಟೆ, ಗದ್ದಿಗೆ, ಓಂಕಾರೇಶ್ವರ, ನಾಲ್ಕುನಾಡು ಅರಮನೆ, ತೆರೆ

ಮೊದಲೆಲ್ಲ ಮಡಿಕೇರಿಗೆ ಬರುವ ನೆಂಟರು ಅಬ್ಬಿ ಫಾಲ್ಸ್‌ಗೆ ದಾರಿ ಕೇಳುತ್ತಿದ್ದರು. ಈಗ ಅವರ ಮಕ್ಕಳು ಬರುತ್ತಾರೆ. "ಅಂಕಲ್, ಇಲ್ಲಿ ದೆವ್ವ ಇರೋ ಜಾಗ ಯಾವುದು?" ಅಂತ ಕೇಳುತ್ತಾರೆ. ಯಾವುದೋ ರೀಲ್ಸ್ ನೋಡಿರುತ್ತಾರೆ. ಅದರಲ್ಲಿ ಒಂದು ಪಾಳು ಎಸ್ಟೇಟ್ ಬಂಗಲೆ, ಒಂದು ಘಾಟಿ ತಿರುವು, ಆ ತಿರುವಿನಲ್ಲಿ ಬಿಳಿ ಸೀರೆಯ ಹೆಂಗಸು. ಈ ಹೆಂಗಸು ಕರ್ನಾಟಕದ ಎಲ್ಲ ಘಾಟಿಯಲ್ಲೂ ಡ್ಯೂಟಿ ಮಾಡುತ್ತಾಳೆ. ಶಿರಾಡಿಯಲ್ಲೂ ಅವಳೇ, ಸಂಪಾಜೆಯಲ್ಲೂ ಅವಳೇ. ಅವಳನ್ನು ಹುಡುಕಿಕೊಂಡು ಪೆಟ್ರೋಲ್ ಸುಟ್ಟು ಇಷ್ಟು ದೂರ ಬರಬೇಕಾಗಿಲ್ಲ.

ಹಾಗಂತ ಕೊಡಗಿನಲ್ಲಿ ಮೈ ಜುಮ್ಮೆನ್ನುವ ಜಾಗಗಳಿಗೆ ಕೊರತೆ ಏನಿಲ್ಲ. ಹಾಲೇರಿ ರಾಜರು ಇಲ್ಲಿ ಇನ್ನೂರು ವರ್ಷಕ್ಕೂ ಜಾಸ್ತಿ ಆಳಿದರು. 1834ರಲ್ಲಿ ಇಂಗ್ಲಿಷರು ಕೊನೆಯ ರಾಜನನ್ನು ಇಳಿಸುವವರೆಗೆ ಆ ಮನೆತನದಲ್ಲಿ ಅಣ್ಣ ತಮ್ಮ, ಚಿಕ್ಕಪ್ಪ ಮಗಳು ಅಂತ ನೋಡದೆ ರಕ್ತ ಹರಿದಿದೆ. ನನ್ನ ಅನುಭವದಲ್ಲಿ, ದೆವ್ವದ ಹೆಸರಲ್ಲಿ ಜಾಹೀರಾತು ಮಾಡುವ ಜಾಗಗಳಲ್ಲಿ ಏನೂ ಇರುವುದಿಲ್ಲ. ನಿಜವಾಗಿ ಏನೋ ನಡೆದ ಜಾಗದಲ್ಲಿ ಜನ ಕಡಲೆಕಾಯಿ ತಿನ್ನುತ್ತಾ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಅಲ್ಲಿ ಏನಾಗಿತ್ತು ಅಂತ ಅವರಿಗೆ ಗೊತ್ತೇ ಇರುವುದಿಲ್ಲ.

ಆದ್ದರಿಂದ ಮೊದಲು ನಿಮಗೆ ಯಾವ ಥರದ ಭಯ ಬೇಕು ಅಂತ ತೀರ್ಮಾನ ಮಾಡಿಕೊಳ್ಳಿ. ತಾರೀಖು, ಹೆಸರು ಸಮೇತ ನಡೆದ ಕ್ರೌರ್ಯ ಬೇಕಾ? ಬ್ರಹ್ಮರಾಕ್ಷಸನ ಕಥೆ ಬೇಕಾ? ಅಥವಾ ಜನ ಇವತ್ತಿಗೂ ನಂಬಿ, ಕೈಮುಗಿದು, ಊಟ ಬಡಿಸುವ ಶಕ್ತಿಗಳನ್ನು ಕಣ್ಣಾರೆ ನೋಡಬೇಕಾ? ಮೂರಕ್ಕೂ ಜಾಗ ಬೇರೆ, ಹೊತ್ತು ಬೇರೆ, ನಡೆದುಕೊಳ್ಳುವ ರೀತಿಯೂ ಬೇರೆ.

ಹೊರಡುವ ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ, ಇಲ್ಲದಿದ್ದರೆ ಎಲ್ಲ ಕಲಸುಮೇಲೋಗರ ಆಗುತ್ತದೆ. ವೀರರಾಜರು ಇಬ್ಬರು. ದೊಡ್ಡವೀರರಾಜೇಂದ್ರ ಟಿಪ್ಪುವಿನ ಜೊತೆ ಕಾದಾಡಿದವನು, 1809ರಲ್ಲಿ ತೀರಿಕೊಂಡ. ಅವನ ತಮ್ಮ ಲಿಂಗರಾಜೇಂದ್ರ. ಲಿಂಗರಾಜೇಂದ್ರನ ಮಗ ಚಿಕ್ಕವೀರರಾಜೇಂದ್ರ, ಅವನೇ ಕೊನೆಯ ರಾಜ. ದಾರಿಯಲ್ಲಿ ಸಿಗುವ ಗೈಡ್‌ಗಳು ಎಷ್ಟೋ ಸಲ ತಮ್ಮನ ಮಗ ಮಾಡಿದ್ದನ್ನು ದೊಡ್ಡಪ್ಪನ ತಲೆಗೆ ಕಟ್ಟುತ್ತಾರೆ.

ಮಡಿಕೇರಿಯ ಮೂರು ಜಾಗ

ಕೋಟೆ, ಓಂಕಾರೇಶ್ವರ ದೇವಸ್ಥಾನ, ಗದ್ದಿಗೆ. ಮೂರೂ ಪೇಟೆಯ ಒಳಗೇ ಇವೆ. ಒಂದೇ ದಿನದಲ್ಲಿ ನಡೆದೇ ನೋಡಬಹುದು. ಆದರೆ ಮೂರನ್ನೂ ಓಡಿ ಓಡಿ ನೋಡುವುದಕ್ಕಿಂತ ಒಂದನ್ನು ಸರಿಯಾಗಿ ನೋಡುವುದು ಒಳ್ಳೆಯದು.

ಕೋಟೆಯನ್ನು ಮೊದಲು ಮಣ್ಣಿನಲ್ಲಿ ಕಟ್ಟಿಸಿದವನು ಮುದ್ದುರಾಜ. 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. ಈಗ ಕಾಣುವ ಅರಮನೆ ಲಿಂಗರಾಜೇಂದ್ರ 1812ರಿಂದ 1814ರ ಒಳಗೆ ಕಟ್ಟಿಸಿದ್ದು. ಆಮೇಲೆ ಅದರಲ್ಲಿ ಸರ್ಕಾರಿ ಕಚೇರಿಗಳು ಬಂದವು. ಕಡತ ಹಿಡಿದುಕೊಂಡು ಓಡಾಡುತ್ತಿದ್ದ ಜನರ ಮಧ್ಯೆ ದೆವ್ವಕ್ಕೆ ಎಲ್ಲಿತ್ತು ಜಾಗ?

ಆದರೆ ಆವರಣದ ಮೂಲೆಯಲ್ಲಿ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ಎತ್ತರ. ಮಕ್ಕಳು ಅದರ ಸೊಂಡಿಲು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಊರಲ್ಲಿ ಹೇಳುವ ಕಥೆ ಇದು. ದಿನಾ ಬೆಳಿಗ್ಗೆ ಮಾವುತ ಎರಡು ಆನೆಗಳನ್ನು ತಂದು ರಾಜನಿಗೆ ಸಲಾಮು ಹೊಡೆಸಬೇಕಿತ್ತು. ಒಂದು ದಿನ ತಪ್ಪಿತು. ರಾಜ ಸಿಟ್ಟಿನಲ್ಲಿ ಮಾವುತನನ್ನೂ ಆನೆಗಳನ್ನೂ ಕೊಲ್ಲಿಸಿದ. ಸಿಟ್ಟು ಇಳಿದ ಮೇಲೆ ಪಶ್ಚಾತ್ತಾಪವಾಗಿ ಈ ಆನೆಗಳನ್ನು ಮಾಡಿಸಿ ನಿಲ್ಲಿಸಿದ. ಕಥೆಯನ್ನು ಸರಿಯಾಗಿ ಕೇಳಿ ನೋಡಿ. ಆನೆಗೆ ಗೊಂಬೆ ಬಂತು, ಮಾವುತನಿಗೆ ಏನೂ ಇಲ್ಲ. ನನಗೆ ಆ ಗೊಂಬೆಗಳಿಗಿಂತ ಪಕ್ಕದ ಖಾಲಿ ಜಾಗವೇ ಜಾಸ್ತಿ ಕಾಡುತ್ತದೆ.

ಆನೆಯದು ಕಥೆ. ಅದೇ ಕೋಟೆಯಲ್ಲಿ ನಡೆದ ಇನ್ನೊಂದು ಸಾವು ಇತಿಹಾಸ. ಇಂಗ್ಲಿಷರು ಕೊಡಗನ್ನು ನುಂಗಿದ ಮೂರು ವರ್ಷಕ್ಕೆ ಅಮರ ಸುಳ್ಯದಲ್ಲಿ ದಂಗೆ ಎದ್ದಿತು. ದಂಗೆಕೋರರು ಮಂಗಳೂರಿನ ತನಕ ಹೋಗಿ ಊರನ್ನೇ ಹಿಡಿದರು. ಅದು ಮುರಿದುಬಿದ್ದ ಮೇಲೆ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಈ ಕೋಟೆಯಲ್ಲಿ ಗಲ್ಲಿಗೇರಿಸಿದರು. ಮನೆಯವರ ಕಣ್ಣೆದುರೇ ಗಲ್ಲಿಗೆ ಹಾಕಿದರು ಅಂತ ಇಲ್ಲಿನವರು ಇವತ್ತಿಗೂ ಹೇಳುತ್ತಾರೆ. ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. ಮೊದಲು ಅದನ್ನು ನೋಡಿ, ಆಮೇಲೆ ಕೋಟೆಗೆ ಬನ್ನಿ. ಕೋಟೆ ಬೇರೆ ಥರ ಕಾಣುತ್ತದೆ.

ಕೋಟೆಯೊಳಗಿನ ಹಳೆಯ ಇಗರ್ಜಿ ಈಗ ಸರ್ಕಾರಿ ಮ್ಯೂಸಿಯಂ. ವೀರಭದ್ರನ ಗುಡಿ ಇದ್ದ ಜಾಗದಲ್ಲಿ ಇಂಗ್ಲಿಷರು ಕಟ್ಟಿಸಿದ ಇಗರ್ಜಿ ಅದು. ಮಳೆ ಬಂದರೆ ಒಳಗೆ ಹೋಗಿ ನಿಲ್ಲಬಹುದು, ವೀರಗಲ್ಲುಗಳನ್ನು ನೋಡಬಹುದು.

ಇನ್ನು ಓಂಕಾರೇಶ್ವರ. ಕೊಡಗಿನಲ್ಲಿ ಹುಟ್ಟಿ, ಕೊಡಗಿನಲ್ಲೇ ಮುಗಿಯುವ ಭೂತದ ಕಥೆ ಅಂತ ಇದ್ದರೆ ಅದು ಇದೇ. ಲಿಂಗರಾಜೇಂದ್ರ ತನ್ನ ಸ್ವಾರ್ಥಕ್ಕೆ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದನಂತೆ. ಸತ್ತವನು ಬ್ರಹ್ಮರಾಕ್ಷಸನಾಗಿ ರಾಜನ ಬೆನ್ನು ಹತ್ತಿದ. ರಾಜನಿಗೆ ಕೆಟ್ಟ ಕನಸು, ನಿದ್ದೆ ಇಲ್ಲ. ತಿಳಿದವರನ್ನು ಕೇಳಿದಾಗ ಕಾಶಿಯಿಂದ ಲಿಂಗ ತರಿಸಿ ಗುಡಿ ಕಟ್ಟಿಸು ಎಂದರು. ಹಾಗೆ 1820ರಲ್ಲಿ ಎದ್ದ ಗುಡಿ ಇದು. ಮಾದರಿ ನೋಡಿದರೆ ಹೊರಗಿನವರಿಗೆ ಗೊಂದಲ ಆಗುತ್ತದೆ. ನಡುವೆ ಗುಮ್ಮಟ, ನಾಲ್ಕು ಮೂಲೆಗೂ ಮಿನಾರು, ಮುಂದೆ ಕೆರೆ, ಕೆರೆಯ ಮಧ್ಯೆ ಮಂಟಪ. ದೂರದಿಂದ ದರ್ಗಾ ಥರ ಕಾಣುತ್ತದೆ.

ಹತ್ತಿರ ಹೋದಾಗ ಕಿಟಕಿಯ ಸರಳುಗಳನ್ನು ನೋಡಿ. ಅದರಲ್ಲಿ 'ಲಿಂ' ಅಂತ ಅಕ್ಷರ ಇದೆ, ರಾಜನ ಹೆಸರಿನ ಮೊದಲ ಅಕ್ಷರ. ತನ್ನನ್ನು ಕಾಡುವ ಪಿಶಾಚಿಯಿಂದ ಬಿಡಿಸಿಕೊಳ್ಳಲು ಕಟ್ಟಿದ ಗುಡಿಯಲ್ಲೂ ಕಿಟಕಿ ಕಿಟಕಿಗೆ ತನ್ನ ಹೆಸರು ಹಾಕಿಸುವುದನ್ನು ಮರೆಯಲಿಲ್ಲ ಮಹಾರಾಯ! ಗುಡಿ ಮುಗಿದ ಮೇಲೆ ಬ್ರಹ್ಮರಾಕ್ಷಸ ಶಾಂತನಾದ ಅಂತ ಕಥೆ ಹೇಳುತ್ತದೆ. ಅದೇ 1820ರಲ್ಲೇ ರಾಜನೂ ತೀರಿಕೊಂಡ. ಈ ಎರಡನ್ನೂ ಸೇರಿಸಿ ಕಥೆ ಹೆಣೆಯುವುದು ಬಿಡುವುದು ನಿಮಗೆ ಬಿಟ್ಟದ್ದು. ಪೂಜೆ ನಡೆಯುವ ಗುಡಿ ಇದು. ಮೈಕ್ ಹಿಡಿದು "ಇಲ್ಲೇ ಇದೆ ಬ್ರಹ್ಮರಾಕ್ಷಸ" ಅಂತ ಕಿರುಚುವ ಜಾಗ ಅಲ್ಲ.

ಮೂರರಲ್ಲಿ ಒಂದೇ ನೋಡಲು ಹೊತ್ತಿದ್ದರೆ ನಾನು ಗದ್ದಿಗೆಗೆ ಕಳಿಸುತ್ತೇನೆ. ಮಹದೇವಪೇಟೆಯ ಮೇಲಿನ ದಿಣ್ಣೆಯಲ್ಲಿದೆ. ಹಾಲೇರಿ ರಾಜರು ವೀರಶೈವರು. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಆದ್ದರಿಂದ ರಾಜರು ಇಲ್ಲಿ ನೆಲದಡಿಯಲ್ಲೇ ಇದ್ದಾರೆ. ನಡುವಿನದು ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮನ ಸಮಾಧಿ. ಪಕ್ಕದ್ದು ಲಿಂಗರಾಜೇಂದ್ರನದು, ಮಗ ಚಿಕ್ಕವೀರ ಕಟ್ಟಿಸಿದ್ದು. ಇನ್ನೊಂದು ಪಕ್ಕದಲ್ಲಿ ರಾಜಗುರು ರುದ್ರಮುನಿಯದು. ಟಿಪ್ಪು ವಿರುದ್ಧದ ಯುದ್ಧದಲ್ಲಿ ಹೆಸರು ಮಾಡಿದ ಬಿದ್ದಂಡ ಬೋಪು ಮತ್ತು ಮಗ ಸೋಮಯ್ಯ ಅವರ ಸಮಾಧಿಗಳೂ ಅಲ್ಲೇ ಇವೆ.

ಗದ್ದಿಗೆ ಯಾಕೆ ಅಂದರೆ, ಅಲ್ಲಿ ಮಲಗಿರುವವನ ಕೊನೆಯ ದಿನಗಳು ಯಾವ ದೆವ್ವದ ಕಥೆಗೂ ಕಮ್ಮಿ ಇಲ್ಲ. ದೊಡ್ಡವೀರ ಹುಡುಗನಾಗಿದ್ದಾಗಲೇ ಮೈಸೂರಿನವರ ಸೆರೆಯಲ್ಲಿ ಬೆಳೆದವನು. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು ರಾಜ್ಯ ವಾಪಸ್ ಗೆದ್ದ. ಟಿಪ್ಪುವನ್ನು ಎದುರಿಸಿದ ಶೂರ ಅಂತ ಹೆಸರು. 1807ರಲ್ಲಿ ಮಹದೇವಮ್ಮ ತೀರಿಕೊಂಡಳು. ಅವಳಿಗೆ ಗಂಡುಮಕ್ಕಳಿರಲಿಲ್ಲ. ತನ್ನ ನಂತರ ತಮ್ಮಂದಿರು ಹೆಣ್ಣುಮಕ್ಕಳಿಗೆ ರಾಜ್ಯ ಬಿಡುವುದಿಲ್ಲ ಅನ್ನುವ ಅನುಮಾನ ಅವನ ತಲೆ ಹೊಕ್ಕಿತು. ಆಮೇಲೆ ಸುತ್ತಲಿನವರೆಲ್ಲ ತನ್ನನ್ನು ಕೊಲ್ಲಲು ಕಾದಿದ್ದಾರೆ ಅನಿಸತೊಡಗಿತು. ಸಿಕ್ಕಸಿಕ್ಕವರನ್ನು ಕೊಲ್ಲಿಸಿದ, ಆಮೇಲೆ ಗೋಳಾಡಿದ, ಮತ್ತೆ ಕೊಲ್ಲಿಸಿದ ಅಂತ ಆ ಕಾಲದ ಬರಹಗಳು ಹೇಳುತ್ತವೆ. ಎರಡೇ ವರ್ಷ, ಅವನೂ ಹೋದ. ಅವನ ಅನುಮಾನ ಪೂರ್ತಿ ಸುಳ್ಳೂ ಆಗಿರಲಿಲ್ಲ ನೋಡಿ. ಮಗಳು ದೇವಮ್ಮಾಜಿಯನ್ನು ಪಟ್ಟಕ್ಕೆ ಕೂರಿಸಿದ್ದರು. ತಮ್ಮ ಲಿಂಗರಾಜ ಅವಳನ್ನು ಸರಿಸಿ 1811ರಲ್ಲಿ ತಾನೇ ರಾಜನಾದ. ಆ ಅಣ್ಣ, ಆ ತಮ್ಮ, ಇಬ್ಬರೂ ಈಗ ಒಂದೇ ಅಂಗಳದಲ್ಲಿ, ಅಕ್ಕಪಕ್ಕದ ಒಂದೇ ಥರದ ಗುಮ್ಮಟದ ಕೆಳಗೆ ಇದ್ದಾರೆ.

ಬೆಳಿಗ್ಗೆ ಮಂಜು ಇರುವಾಗ ಹೋಗಿ, ಜನ ಕಮ್ಮಿ. ಸಂಜೆ ಆದರೆ ಜೋಡಿಗಳ ಕಾಟ.

ಊರ ಹೊರಗೆ: ನಾಲ್ಕುನಾಡು ಅರಮನೆಯೋ, ಹಾಲೇರಿಯೋ?

ಇದಕ್ಕೆ ಜಾಸ್ತಿ ಯೋಚನೆ ಬೇಡ. ಹಾಲೇರಿ ಮನೆತನದ ಮೂಲ ಜಾಗ ನಿಜ, ಆದರೆ ನೋಡಲು ಉಳಿದಿರುವುದು ಕಮ್ಮಿ. ಇತಿಹಾಸದ ಹುಚ್ಚು ಇದ್ದವರು ಹೋಗಲಿ. ಬೇರೆಯವರು ನಾಲ್ಕುನಾಡಿಗೆ ಹೋಗಲು ಕಕ್ಕಬ್ಬೆ ಬಸ್ಸು ಹತ್ತಿ.

ನಾಲ್ಕುನಾಡು ಅರಮನೆ ಮಡಿಕೇರಿಯಿಂದ ಸುಮಾರು 40 ಕಿಲೋಮೀಟರ್. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್‌ನ ಬುಡದಲ್ಲಿದೆ. ಟಿಪ್ಪುವಿನಿಂದ ತಪ್ಪಿಸಿಕೊಂಡ ದೊಡ್ಡವೀರ, ಇನ್ನೊಮ್ಮೆ ಸಿಕ್ಕಿಬೀಳಬಾರದು ಅಂತ 1792ರಿಂದ 1794ರ ಒಳಗೆ ಕಾಡಿನ ನಡುವೆ ಕಟ್ಟಿಸಿದ್ದು. ಅರಮನೆ ಅಂದ ತಕ್ಷಣ ಮೈಸೂರಿನದನ್ನು ನೆನೆಸಿಕೊಳ್ಳಬೇಡಿ. ಹೊರಗಿನಿಂದ ನೋಡಿದರೆ ದೊಡ್ಡ ಐನ್‌ಮನೆಯಂತೆ, ಅಂದರೆ ಕೊಡವರ ಕುಟುಂಬದ ಮೂಲಮನೆಯಂತೆ ಇದೆ. ಎರಡು ಅಂತಸ್ತು, ಕೆತ್ತಿದ ಮರದ ಕಂಬ, ಗೋಡೆಯಲ್ಲಿ ಮಾಸಿದ ಚಿತ್ರ. ಅಂಗಳದಲ್ಲಿ ಸಣ್ಣ ಮಂಟಪ. ಮಹದೇವಮ್ಮನ ಜೊತೆ 1796ರಲ್ಲಿ ರಾಜನ ಮದುವೆ ಆದದ್ದು ಇಲ್ಲೇ.

ಒಳಗೆ ಹೋದಾಗ ವಿಷಯ ಗೊತ್ತಾಗುತ್ತದೆ. ಬಾಗಿಲುಗಳು ಗಿಡ್ಡ, ತಲೆ ಬಗ್ಗಿಸದೆ ಹೋದರೆ ಪೆಟ್ಟು ಗ್ಯಾರಂಟಿ. ಒಳಕೋಣೆಗಳಲ್ಲಿ ಮಟಮಟ ಮಧ್ಯಾಹ್ನವೂ ಕತ್ತಲೆ. ಕತ್ತಲಲ್ಲಿ ನಿಂತವನಿಗೆ ಬೆಳಕಿನಿಂದ ಒಳಬರುವವನು ಕಾಣುತ್ತಾನೆ, ಬಂದವನಿಗೆ ಒಳಗಿನವನು ಕಾಣುವುದಿಲ್ಲ. ಹೊರಗೆ ನೋಡಲು ಸಣ್ಣ ಸಣ್ಣ ಕಿಂಡಿ. ಮೊಬೈಲ್ ಟಾರ್ಚ್ ಆರಿಸಿ ಒಂದು ನಿಮಿಷ ಸುಮ್ನೆ ನಿಂತು ನೋಡಿ. ಅನುಮಾನದಲ್ಲೇ ಬದುಕಿದ ಮನುಷ್ಯ ಕಟ್ಟಿಸಿದ ಮನೆ ಇದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಮನೆಯಲ್ಲೇ ರಾಜ್ಯದ ಕೊನೆಯ ದಿನಗಳೂ ನಡೆದವು. 1834ರ ಏಪ್ರಿಲ್‌ನಲ್ಲಿ ಕರ್ನಲ್ ಫ್ರೇಸರ್‌ನ ಸೈನ್ಯ ಮಡಿಕೇರಿಗೆ ಬಂದಾಗ ಚಿಕ್ಕವೀರರಾಜೇಂದ್ರ ಇಲ್ಲಿ ಅಡಗಿದ್ದ. ಇಲ್ಲಿಂದಲೇ ಹೋಗಿ ಶರಣಾದ. ಅವನ ಬಲಗೈ ಆಗಿದ್ದ ಕುಂಟ ಬಸವನ ಹೆಣ ಕಾಡಿನಲ್ಲಿ ನೇತಾಡುತ್ತಿತ್ತು. ಅವನೇ ನೇಣು ಹಾಕಿಕೊಂಡನೋ, ಬಾಯಿ ಬಿಡಬಾರದು ಅಂತ ರಾಜನೇ ಕೊಲ್ಲಿಸಿದನೋ ಅನ್ನುವ ಮಾತು ಆಗಿನಿಂದಲೂ ಇದೆ. ನಿಧಿ ಹೂಳಿಸಿ, ಹೂತವರನ್ನೂ ಮುಗಿಸಿದ ಅಂತ ಇನ್ನೊಂದು ಕಥೆ. ಚಿಕ್ಕವೀರನ ಕ್ರೌರ್ಯದ ಕಥೆಗಳನ್ನು ಬರೆದಿಟ್ಟವರಲ್ಲಿ ಜಾಸ್ತಿ ಜನ ಇಂಗ್ಲಿಷ್ ಅಧಿಕಾರಿಗಳು ಮತ್ತು ಪಾದ್ರಿಗಳು. ರಾಜ್ಯ ಕಿತ್ತುಕೊಂಡವರಿಗೆ ರಾಜ ರಾಕ್ಷಸನಾಗಿದ್ದರೇ ಅನುಕೂಲ, ಅಲ್ವಾ? ಅವನು ಸಾಧು ಅಂತ ನಾನು ಹೇಳುತ್ತಿಲ್ಲ. ಸ್ವಂತ ನೆಂಟರನ್ನೇ ಅವನು ಬಿಡಲಿಲ್ಲ. ಆದರೂ ಈ ಕಥೆಗಳಿಗೆ ಸ್ವಲ್ಪ ಉಪ್ಪು ಖಾರ ಸೇರಿರಬಹುದು ಅನ್ನುವ ಎಚ್ಚರ ಇರಲಿ.

ಗದ್ದಿಗೆಯಲ್ಲಿ ಚಿಕ್ಕವೀರನ ಸಮಾಧಿ ಹುಡುಕಬೇಡಿ. ಅವನನ್ನು ವೆಲ್ಲೂರಿಗೆ, ಆಮೇಲೆ ಕಾಶಿಗೆ ಕಳಿಸಿದರು. ಕಂಪನಿಯಿಂದ ಹಣ ವಾಪಸ್ ಕೇಳಲು 1852ರಲ್ಲಿ ಮಗಳನ್ನು ಕರೆದುಕೊಂಡು ಲಂಡನ್‌ಗೆ ಹೋದ. ಮಗಳು ಗೌರಮ್ಮ ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ರಾಜ 1859ರಲ್ಲಿ ಅಲ್ಲೇ ಸತ್ತ. ಗೌರಮ್ಮ 1864ರಲ್ಲಿ ಕ್ಷಯದಿಂದ ತೀರಿಕೊಂಡಳು. ಒಬ್ಬರೂ ಕೊಡಗಿಗೆ ಮರಳಲಿಲ್ಲ.

ಮಡಿಕೇರಿಯ ಮೂರು ಜಾಗಕ್ಕೂ ನಾಲ್ಕುನಾಡು ಅರಮನೆಗೂ ಹೋಲಿಸಿದರೆ, ಮೈ ಜುಮ್ಮೆನ್ನುವುದು ನಾಲ್ಕುನಾಡಿನಲ್ಲೇ. ತೊಂದರೆ ದಾರಿಯದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಜಿಗಣೆ, ಮರ ಬಿದ್ದರೆ ರಸ್ತೆ ಬಂದ್. ಸಂಜೆ ಹೊತ್ತಿಗೆ ಆನೆ ರಸ್ತೆಗೆ ಇಳಿಯಬಹುದು. ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಹೊರಟುಬಿಡಿ.

ನಂಬಿಕೆಯ ಭಯ: ತೆರೆಯೋ, ದಸರೆಯೋ, ದೇವರಕಾಡೋ?

ಕಟ್ಟಡ, ಕಥೆ ಸಾಕು, ಜೀವಂತವಾಗಿ ಏನಾದರೂ ಬೇಕು ಅನ್ನುವವರಿಗೆ ಈ ಭಾಗ. ಕೊಡಗಿನಲ್ಲಿ ಸತ್ತ ಹಿರಿಯರನ್ನು ಓಡಿಸುವುದಿಲ್ಲ, ಕರೆದು ಊಟ ಹಾಕುತ್ತಾರೆ. ಕೊಡವರ ಐನ್‌ಮನೆಯ ಹತ್ತಿರ ಕೈಮಡ ಇರುತ್ತದೆ. ಒಕ್ಕದ, ಅಂದರೆ ಕುಲದ, ಮೊದಲ ಹಿರಿಯನನ್ನು, ಗುರುಕಾರಣನನ್ನು ಅಲ್ಲಿ ನೆನೆಯುತ್ತಾರೆ. ವರ್ಷಕ್ಕೊಮ್ಮೆ ಕಾರಣರಿಗೆ ಕೋಳಿ, ಹಂದಿ ಮಾಂಸ, ಮದ್ಯ ಎಲ್ಲ ಬಡಿಸಿ ಮೀದಿ, ಅಂದರೆ ಎಡೆ ಇಡುತ್ತಾರೆ. ಬೆಂಗಳೂರಿನ ಹುಡುಗರು ಇದನ್ನು ಕೇಳಿ ಹೆದರುತ್ತಾರೆ. ನಮ್ಮ ಮಕ್ಕಳು ಊಟ ಯಾವಾಗ ಅಂತ ಕೇಳುತ್ತಾರೆ.

ನೋಡಲೇಬೇಕಾದದ್ದು ತೆರೆ, ಅಂದರೆ ವೇಷ ಕಟ್ಟಿದವನ ಮೈಮೇಲೆ ದೈವ ಬರುವ ಕೋಲ. ಫೆಬ್ರವರಿಯಿಂದ ಮೇ ತನಕ ಊರೂರಲ್ಲಿ, ಐನ್‌ಮನೆಗಳಲ್ಲಿ ರಾತ್ರಿ ಇಡೀ ನಡೆಯುತ್ತದೆ. ಕುಟ್ಟಿಚಾತ, ಗುಳಿಗ, ವಿಷ್ಣುಮೂರ್ತಿ ಹೀಗೆ ಒಂದೊಂದೇ ತೆರೆ ಬರುತ್ತದೆ. ವಿಷ್ಣುಮೂರ್ತಿಯ ಒತ್ತೆಕೋಲದಲ್ಲಿ ದೊಡ್ಡ ಸೌದೆ ರಾಶಿಗೆ ಬೆಂಕಿ ಹಾಕಿರುತ್ತಾರೆ. ಬೆಳಗಿನ ಜಾವಕ್ಕೆ ಅದು ಕೆಂಡದ ಗುಡ್ಡೆ ಆಗುತ್ತದೆ, ಮೇಲೇರಿ ಅಂತಾರೆ. ಸೊಂಟಕ್ಕೆ ಹಸಿ ತೆಂಗಿನ ಗರಿ ಕಟ್ಟಿಕೊಂಡ ತೆರೆ ಓಡಿ ಬಂದು ಆ ಕೆಂಡದ ಮೇಲೆ ಬೀಳುತ್ತದೆ. ಪಕ್ಕದವರು ಎಳೆದು ಎಬ್ಬಿಸುತ್ತಾರೆ. ಮತ್ತೆ ಓಡುತ್ತದೆ, ಮತ್ತೆ ಬೀಳುತ್ತದೆ. ಗರಿ ಸುಟ್ಟ ವಾಸನೆ, ಚೆಂಡೆ, ಮುಖಕ್ಕೆ ಹೊಡೆಯುವ ಕಾವು. ಹತ್ತು ಅಡಿ ದೂರದಲ್ಲಿ ನಿಂತವರು ತಮಗೇ ಗೊತ್ತಿಲ್ಲದೆ ಹಿಂದಕ್ಕೆ ಸರಿಯುತ್ತಾರೆ. ಯಾವ ಹಾರರ್ ಸಿನಿಮಾವೂ ಇದರ ಹತ್ತಿರ ಬರುವುದಿಲ್ಲ.

ಆದರೆ ಇದು ಟಿಕೆಟ್ ಕೊಟ್ಟು ನೋಡುವ ಆಟ ಅಲ್ಲ. ಗೊತ್ತಿರುವವರ ಜೊತೆ ಹೋಗಿ. ಫ್ಲ್ಯಾಶ್ ಹಾಕಬೇಡಿ. ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ನಿಲ್ಲಬೇಕು ಅಂತ ಕೇಳಿ ನಿಲ್ಲಿ. ತೆರೆ ನಿಮ್ಮ ಹತ್ತಿರ ಬಂದು ಮಾತಾಡಿದರೆ ನಗಬೇಡಿ, ಕೈಮುಗಿಯಿರಿ.

ಅಷ್ಟು ಧೈರ್ಯ ಇಲ್ಲದವರಿಗೆ, ಮಕ್ಕಳ ಜೊತೆ ಬರುವವರಿಗೆ ಮಡಿಕೇರಿ ದಸರೆ ಸರಿ. ಊರಿಗೆ ರೋಗ ಬಂದಾಗ ಮಾರಿಯಮ್ಮನ ಮೊರೆ ಹೋಗಿ ಕರಗ ಶುರು ಮಾಡಿದರು ಅನ್ನುವುದು ಇದರ ಹಿಂದಿನ ಕಥೆ. ಈಗಲೂ ನಾಲ್ಕು ಕರಗ ಹೊರಡುತ್ತವೆ. ವಿಜಯದಶಮಿ ರಾತ್ರಿ ಹತ್ತು ಮಂಟಪಗಳಲ್ಲಿ ಹೊಗೆ, ಬೆಂಕಿ, ಕಣ್ಣು ತಿರುಗಿಸುವ ರಾಕ್ಷಸರು. ಬೆಳಗಾಗುವ ತನಕ ರಾಕ್ಷಸರ ವಧೆ. ಭಯಕ್ಕಿಂತ ಗದ್ದಲ ಜಾಸ್ತಿ, ಆದರೆ ಮಜಾ ಇದೆ. ರೂಮು ತಿಂಗಳ ಮುಂಚೆ ಹಿಡಿಯಿರಿ.

ದೇವರಕಾಡು ಇದಕ್ಕೆ ಪೂರ್ತಿ ಉಲ್ಟಾ. ಕೊಡಗಿನಲ್ಲಿ ಸುಮಾರು 1,200 ದೇವರಕಾಡುಗಳಿವೆ. ಅಲ್ಲಿ ಕೊಡಲಿ ಹಾಕಬಾರದು, ಒಣ ಕಡ್ಡಿಯನ್ನೂ ತರಬಾರದು ಅನ್ನುವ ಕಟ್ಟುಪಾಡು. ಬೇಟೆಯ ಅಯ್ಯಪ್ಪನ ಕಾಡುಗಳಲ್ಲಿ ಹರಕೆಯ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಸಾಲಾಗಿ ಕೂತಿರುತ್ತವೆ. ಕೆಲವಕ್ಕೆ ಕಿವಿ ಇಲ್ಲ, ಕೆಲವಕ್ಕೆ ಮೈಮೇಲೆ ಪಾಚಿ. ಹೊರಗಿನವರು ಒಬ್ಬರೇ ನುಗ್ಗಬಾರದು, ಎಷ್ಟೋ ಕಾಡುಗಳಿಗೆ ಊರಿನವರೇ ಹಬ್ಬದ ದಿನ ಬಿಟ್ಟರೆ ಹೋಗುವುದಿಲ್ಲ.

ನರಬಲಿಯ ಕಥೆ ಕೇಳಿದ್ದೀರಾ ಅಂತ ಕೆಲವರು ಕೇಳುತ್ತಾರೆ. ಪಾದ್ರಿ ರಿಕ್ಟರ್ 1870ರಲ್ಲಿ ಬರೆದಿಟ್ಟ ಸಂಗತಿ ಒಂದಿದೆ. ಕಡಿಯತ್ ನಾಡಿನ ಎರಡು ಊರುಗಳಲ್ಲಿ ಹಿಂದೆ ಮೂರು ವರ್ಷಕ್ಕೊಮ್ಮೆ ಭದ್ರಕಾಳಿಗೆ ಮನುಷ್ಯನನ್ನು ಕೊಡುತ್ತಿದ್ದರಂತೆ. ಬಲಿಯ ಹೊತ್ತಿಗೆ ಜನ "ಆಳ್ ಅಮ್ಮ" ಅಂತ ಕೂಗಬೇಕು. ಒಂದು ಸಲ ಯಾರೋ ಭಕ್ತ "ಆಳಲ್ಲ ಅಮ್ಮ, ಆಡು" ಅಂತ ಕೂಗಿಬಿಟ್ಟ. ಅವತ್ತಿನಿಂದ ಆಡನ್ನು ಕೊಡುವುದು ಶುರುವಾಯಿತು. ಕೂಗಿದವನ ಹೆಸರು ಉಳಿದಿಲ್ಲ.

ಲಿಸ್ಟಿನಿಂದ ತೆಗೆದುಹಾಕಿ

ರಾತ್ರಿ ಹೊತ್ತು ಮಾಕುಟ್ಟ, ಸಂಪಾಜೆ ಘಾಟಿಯಲ್ಲಿ ಗಾಡಿ ನಿಲ್ಲಿಸಿ ವಿಡಿಯೋ ಮಾಡುವುದು ಬೇಡ. ದೆವ್ವ ಸಿಗುವುದಿಲ್ಲ, ತಿರುವಿನಲ್ಲಿ ಲಾರಿ ಸಿಗುತ್ತದೆ, ಅದೃಷ್ಟ ಕೆಟ್ಟರೆ ಒಂಟಿ ಸಲಗ. ಪಾಳು ಬಂಗಲೆಗಳೆಲ್ಲ ಯಾರದೋ ಎಸ್ಟೇಟಿನೊಳಗೆ ಇರುತ್ತವೆ. ರಾತ್ರಿ ಬೇಲಿ ಹಾರಿದರೆ ಕಾಫಿ ಕಳ್ಳ ಅಂತ ಹಿಡಿಯುತ್ತಾರೆ, ಕೊಡಗಿನಲ್ಲಿ ಮನೆಮನೆಗೂ ಕೋವಿ ಇದೆ ಅನ್ನುವುದು ನೆನಪಿರಲಿ. ಚೇಲಾವರ ಜಲಪಾತದಲ್ಲಿ "ಎಳೆಯುತ್ತದೆ" ಅನ್ನುವ ಮಾತು ಕೇಳಿರಬಹುದು. ಎಳೆಯುವುದು ಬಂಡೆಯ ಪಾಚಿ ಮತ್ತು ಕೆಳಗಿನ ಗುಂಡಿಯ ಆಳ. ಈಜು ಬರುವವರೇ ಅಲ್ಲಿ ಸತ್ತಿದ್ದಾರೆ. ದಡದಲ್ಲಿ ನಿಂತು ನೋಡಿ ಬನ್ನಿ.

2018ರಲ್ಲಿ ಜೋಡುಪಾಲ, ಮಕ್ಕಂದೂರು, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ. ಗುಡ್ಡ ಕುಸಿದು ಜನ ಹೋದ ಜಾಗಗಳಿವು. ಇವನ್ನೂ ಹಾಂಟೆಡ್ ಅಂತ ವಿಡಿಯೋಗಳಲ್ಲಿ ಸೇರಿಸಿದವರಿದ್ದಾರೆ. ಸತ್ತವರ ಮನೆಯವರು ಅದೇ ರಸ್ತೆಯಲ್ಲಿ ದಿನಾ ಓಡಾಡುತ್ತಾರೆ. ದಯವಿಟ್ಟು ಹೋಗಬೇಡಿ. ಭಾಗಮಂಡಲ ಕಡೆಯ ದೇವಟ್ಟಿಪರಂಬು ಬೇರೆ ಥರ. ಟಿಪ್ಪು ಕಾಲದ ಹತ್ಯೆಯನ್ನು ಕೊಡವರು ನೆನೆಯುವ ಜಾಗ ಅದು. ಎಷ್ಟು ಜನ ಅನ್ನುವುದರ ಬಗ್ಗೆ ಇವತ್ತಿಗೂ ಜಗಳ ಇದೆ. ಹೋಗುವುದಾದರೆ ನಮಸ್ಕಾರ ಮಾಡಿ ಬನ್ನಿ, ವಾದ ಮಾಡಲು ಹೋಗಬೇಡಿ.

ಒಂದೇ ದಿನ ಇದ್ದರೆ ಬೆಳಿಗ್ಗೆ ಗದ್ದಿಗೆ, ಮಧ್ಯಾಹ್ನ ಕೋಟೆ, ಸಂಜೆ ಪೂಜೆಯ ಹೊತ್ತಿಗೆ ಓಂಕಾರೇಶ್ವರ. ಎರಡು ದಿನ ಇದ್ದರೆ ಮರುದಿನ ನಾಲ್ಕುನಾಡು. ಬೇಸಿಗೆಯಲ್ಲಿ ಬರುವವರು ಒತ್ತೆಕೋಲದ ತಾರೀಖು ಮೊದಲು ವಿಚಾರಿಸಿ, ಆಮೇಲೆ ರಜೆ ಹಾಕಿ. ಹೋಂಸ್ಟೇ ಯಜಮಾನರನ್ನೇ ಕೇಳಿದರೆ ಸಾಕು, ಯಾವ ಊರಲ್ಲಿ ಯಾವತ್ತು ಅಂತ ಅವರಿಗೆ ಗೊತ್ತಿರುತ್ತದೆ. ಸ್ವೆಟರ್ ತನ್ನಿ, ಮೇಲೇರಿಯ ಹತ್ತಿರ ಸೆಕೆ ಆದರೂ ಬೆನ್ನಿಗೆ ಬೆಳಗಿನ ಜಾವದ ಚಳಿ ಹೊಡೆಯುತ್ತದೆ.